ಸ್ಮಾರಕದ ಪಕ್ಕದ ಮನೆ ರಿಪೇರಿ: ವಿಜಯಪುರದ ಹಳೇ ಓಣಿಗಳವರಿಗೆ ಅನುಮತಿ, ನೋಟಿಸ್, ತಕರಾರುಗಳ ಸಮಗ್ರ ಮಾರ್ಗದರ್ಶಿ

ವಿಜಯಪುರದ ಹಳೇ ಊರಲ್ಲಿ ಮನೆ ಇದ್ದವರಿಗೆ ಒಂದು ತಲೆನೋವು ತಪ್ಪಿದ್ದಲ್ಲ. ಹಿತ್ತಿಲಿಗೆ ಹೋದರೆ ಕೋಟೆಗೋಡೆ, ಓಣಿಯ ತುದಿಗೆ ಒಂದು ಗುಮ್ಮಟ, ಇನ್ನೊಂದು ತುದಿಗೆ ಬಾವಡಿ. ಸೋರುವ ಮಾಳಿಗೆ ರಿಪೇರಿ ಮಾಡಿಸೋಣ ಅಂತ ಎರಡು ಟ್ರ್ಯಾಕ್ಟರ್ ಮರಳು ಇಳಿಸಿದರೆ ಸಾಕು, ಯಾರೋ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ, ವಾರದೊಳಗೆ ನೋಟಿಸ್ ಬರುತ್ತದೆ. ಆಮೇಲೆ ಶುರು: ಪಾಲಿಕೆಗೆ ಹೋದರೆ ಪುರಾತತ್ವ ಇಲಾಖೆ ಅನ್ನುತ್ತಾರೆ, ಅಲ್ಲಿ ಹೋದರೆ ಧಾರವಾಡ ಅನ್ನುತ್ತಾರೆ, ಧಾರವಾಡದವರು ಆನ್‌ಲೈನ್ ಅರ್ಜಿ ಅನ್ನುತ್ತಾರೆ.

ಈ ಬರಹ ಉದ್ದ ಇದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದು ಮಾತು ಇಟ್ಟುಕೊಳ್ಳಿ: ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ನಿಮ್ಮ ಮನೆ ಇದ್ದರೆ, ಅದು ಬೀಳುವ ಮೊದಲೇ ಅನುಮತಿ ತೆಗೆದುಕೊಂಡು ರಿಪೇರಿ ಮಾಡಿಸಿ. ನಿಂತಿರುವ ಮನೆಗೆ ಕಾನೂನಿನಲ್ಲಿ ದಾರಿ ಇದೆ. ಬಿದ್ದ ಮನೆಗೆ ಹೆಚ್ಚುಕಡಿಮೆ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು: ನಿಮ್ಮ ಪಕ್ಕದ ಸ್ಮಾರಕ ಯಾರದು?

ಹಳೇ ಕಟ್ಟಡಗಳೆಲ್ಲ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಮೂರು ತರ ಇವೆ.

ಒಂದು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಎಲ್ಲರೂ ಎಎಸ್‌ಐ ಅನ್ನುವ ಕೇಂದ್ರದ ಇಲಾಖೆಯ ಸ್ಮಾರಕಗಳು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಬಾರಾಕಮಾನ್, ಗಗನ್ ಮಹಲ್, ಮೆಹತರ್ ಮಹಲ್, ತೋಪು ಇರುವ ಶೇರ್ಜಾ ಬುರುಜು ಎಲ್ಲ ಇದರಲ್ಲಿ ಬರುತ್ತವೆ. ಇವು ಎಲ್ಲರಿಗೂ ಗೊತ್ತು. ಜನ ಮರೆಯುವುದು ಕೋಟೆಗೋಡೆಯನ್ನು. ಊರನ್ನು ಸುಮಾರು 10 ಕಿಲೋಮೀಟರ್ ಸುತ್ತುವ ಗೋಡೆ ಅದು. ಗುಮ್ಮಟದಿಂದ ನಮ್ಮ ಮನೆ ಎಷ್ಟೋ ದೂರ ಅಂತ ನಿಶ್ಚಿಂತೆಯಾಗಿರುವವರ ಮನೆಯ ಹಿಂದೆಯೇ ಗೋಡೆ ಅಥವಾ ಕಂದಕ ಇರುತ್ತದೆ. ಓಣಿಯ ನಡುವೆ ಹೆಸರೂ ಸರಿಯಾಗಿ ಗೊತ್ತಿಲ್ಲದ ಸಣ್ಣ ಗೋರಿ, ಸಣ್ಣ ಮಸೀದಿ, ಬಾವಡಿಗಳೂ ಪಟ್ಟಿಯಲ್ಲಿ ಇರಬಹುದು. ಕಾನೂನಿಗೆ ದೊಡ್ಡದು ಸಣ್ಣದು ಅನ್ನುವ ಭೇದ ಇಲ್ಲ. ಗೋಳಗುಮ್ಮಟಕ್ಕೂ 100 ಮೀಟರ್, ಹತ್ತು ಅಡಿ ಎತ್ತರದ ಗೋರಿಗೂ 100 ಮೀಟರ್. ನನಗಂತೂ ಇದು ಸರಿ ಅನಿಸುವುದಿಲ್ಲ, ಆದರೆ ಇವತ್ತಿನ ಕಾನೂನು ಹೀಗೇ ಇದೆ.

ಎರಡು, ರಾಜ್ಯ ಸರ್ಕಾರದ 1961ರ ಕಾಯ್ದೆಯಡಿ ರಕ್ಷಿತವಾದವು. ಇವು ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಸೇರಿದವು, ಮುಖ್ಯ ಕಚೇರಿ ಮೈಸೂರಿನಲ್ಲಿದೆ. ಮೂರು, ಯಾವ ಪಟ್ಟಿಯಲ್ಲೂ ಇಲ್ಲದ ಹಳೇ ವಾಡೆ, ಹಳೇ ಮನೆ, ಹಳೇ ಗುಡಿ. ಇವಕ್ಕೆ ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಮಾಮೂಲಿ ನಿಯಮಗಳೇ.

ಯಾವುದು ಯಾರದು ಅಂತ ಬೋರ್ಡು ನೋಡಿ ಅಂದಾಜು ಮಾಡಬೇಡಿ. ಬೋರ್ಡು ಕಿತ್ತು ಹೋಗಿರುತ್ತದೆ, ಕೆಲವೆಡೆ ಹಾಕಿಯೇ ಇರುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆ ಎಎಸ್‌ಐನ ಧಾರವಾಡ ವಲಯಕ್ಕೆ ಸೇರುತ್ತವೆ. ವಿಜಯಪುರದಲ್ಲೇ ಅದರ ಉಪವಲಯ ಕಚೇರಿ ಇದೆ. ಅಲ್ಲಿ ಬಾಯಿಮಾತಲ್ಲಿ ಕೇಳಿ, ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯನ್ನೂ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ಕೇಳಬೇಕಾದದ್ದು ಎರಡೇ: ಆ ಸ್ಮಾರಕದ ರಕ್ಷಣಾ ಅಧಿಸೂಚನೆಯ ಪ್ರತಿ, ಮತ್ತು ರಕ್ಷಿತ ಪ್ರದೇಶದ ಗಡಿ ತೋರಿಸುವ ನಕಾಶೆ. ಮುಂದೆ ತಕರಾರು ಬಂದರೆ ಈ ಎರಡು ಕಾಗದವೇ ನಿಮ್ಮ ಕೈ ಹಿಡಿಯುವುದು.

ಅಳತೆ: ಎಲ್ಲಿಂದ ಎಲ್ಲಿಗೆ?

1992ರ ಜೂನ್ 16ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ 100 ಮೀಟರ್ ತನಕ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ ಗೊತ್ತು ಮಾಡಿತು. ಒಟ್ಟು 300 ಮೀಟರ್. ಕೆಲವರು ಒಟ್ಟು 200 ಅಂದುಕೊಂಡು ಮೋಸ ಹೋಗುತ್ತಾರೆ. ಅದಾದ ಮೇಲೂ ಪರಿಣತರ ಸಮಿತಿಯೊಂದು ನೋಡಿ 100 ಮೀಟರ್ ಒಳಗೆ ಅಲ್ಲೊಂದು ಇಲ್ಲೊಂದು ಅನುಮತಿ ಕೊಡುತ್ತಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಆ ಪದ್ಧತಿಗೆ ಕಾನೂನಿನ ಬಲ ಇಲ್ಲ ಅಂತ ಹೇಳಿತು. 2010ರಲ್ಲಿ ಪುರಾತನ ಸ್ಮಾರಕಗಳ 1958ರ ಮೂಲ ಕಾಯ್ದೆಗೆ ತಿದ್ದುಪಡಿ ಬಂತು, 100 ಮತ್ತು 200ರ ಲೆಕ್ಕ ಕಾಯ್ದೆಯೊಳಗೇ ಸೇರಿತು. ಈಗ ಯಾವ ಅಧಿಕಾರಿಯೂ, ಎಷ್ಟೇ ಪರಿಚಯ ಇದ್ದರೂ, 100 ಮೀಟರ್ ಒಳಗೆ ಹೊಸ ಮನೆ ಕಟ್ಟಲು ಅನುಮತಿ ಕೊಡಲು ಬರುವುದಿಲ್ಲ. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಅನ್ನುವ ಏಜೆಂಟರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿ.

ದೂರ ಲೆಕ್ಕ ಹಾಕುವುದು ಗುಮ್ಮಟದ ಗೋಡೆಯಿಂದ ಅಲ್ಲ, ರಕ್ಷಿತ ಪ್ರದೇಶದ ಗಡಿಯಿಂದ. ಸ್ಮಾರಕದ ಸುತ್ತ ಬಯಲು, ತೋಟ, ಹಳೇ ಆವಾರ ರಕ್ಷಿತ ಪ್ರದೇಶದಲ್ಲಿ ಸೇರಿದ್ದರೆ ಅದರ ಅಂಚಿನಿಂದ ಅಳೆಯುತ್ತಾರೆ. ಕೋಟೆಗೋಡೆಯ ಪಕ್ಕದವರಿಗೆ ಇದು ತುಂಬ ಮುಖ್ಯ, ಏಕೆಂದರೆ ಕಂದಕ ಒಳಗೆ ಸೇರಿದೆಯೋ ಇಲ್ಲವೋ ಅನ್ನುವುದರ ಮೇಲೆ ಮನೆ 90 ಮೀಟರ್‌ಗೋ 110 ಮೀಟರ್‌ಗೋ ಅನ್ನುವುದು ನಿಂತಿರುತ್ತದೆ. ಆ 20 ಮೀಟರ್‌ನಲ್ಲಿ ನಿಮ್ಮ ಇಡೀ ಹಣೆಬರಹ ಬದಲಾಗುತ್ತದೆ. ನಕಾಶೆ ಕೇಳಿ ಅಂದದ್ದು ಅದಕ್ಕೇ.

ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆಗೆದು ಗೆರೆ ಎಳೆದು ನೋಡಿಕೊಳ್ಳಿ, ಅಂದಾಜಿಗೆ ಸಾಕು. ಆದರೆ ಗಡಿಯ ಆಸುಪಾಸಲ್ಲಿ ಇದ್ದರೆ ಸಿಟಿ ಸರ್ವೆ ಕಚೇರಿಯಿಂದ ಸಿಟಿಎಸ್ ನಕಾಶೆ ತೆಗೆಸಿ, ಇಲಾಖೆಯವರ ಜೊತೆ ಜಂಟಿ ಅಳತೆಗೆ ಬರೆದು ಕೇಳಿ. ಅಳತೆ ಆದ ದಿನವೇ ಪಂಚನಾಮೆಯ ಪ್ರತಿ ಇಸಿದುಕೊಳ್ಳಿ. ಆಮೇಲೆ ಕೊಡುತ್ತೇವೆ ಅಂದರೆ ಬಿಡಬೇಡಿ.

ನಿಮ್ಮ ಕೆಲಸ ಯಾವ ಗುಂಪಿಗೆ ಬರುತ್ತದೆ?

ಇಲ್ಲಿ ನಿಧಾನ ಮಾಡಿ ಓದಿ. ಅರ್ಧಕ್ಕಿಂತ ಜಾಸ್ತಿ ಜಗಳ ಹುಟ್ಟುವುದೇ ಇಲ್ಲಿ.

ಕಾಯ್ದೆ ಮೂರು ಬಗೆಯ ಕೆಲಸ ಗುರುತಿಸುತ್ತದೆ. ನಿರ್ಮಾಣ ಅಂದರೆ ಹೊಸದಾಗಿ ಕಟ್ಟುವುದು. ಇದ್ದ ಮನೆಗೆ ಮೇಲೋ ಪಕ್ಕಕ್ಕೋ ಏನಾದರೂ ಸೇರಿಸುವುದೂ ಇದರಲ್ಲೇ ಬಂತು. ಪುನರ್ನಿರ್ಮಾಣ ಅಂದರೆ ಹಳೇ ಉದ್ದ, ಅಗಲ, ಎತ್ತರದಲ್ಲೇ ಮತ್ತೆ ಎಬ್ಬಿಸುವುದು. ದುರಸ್ತಿ ಮತ್ತು ನವೀಕರಣ ಅಂದರೆ ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ, ಮೊದಲಿನ ಎರಡೂ ಬಿಟ್ಟು.

100 ಮೀಟರ್ ಒಳಗೆ ದುರಸ್ತಿ ಮತ್ತು ನವೀಕರಣಕ್ಕೆ ಮಾತ್ರ ಅವಕಾಶ, ಅದೂ ಅನುಮತಿ ಪಡೆದು. 100ರಿಂದ 300ರ ನಡುವೆ ಮೂರಕ್ಕೂ ಅರ್ಜಿ ಹಾಕಬಹುದು.

ಈಗ ಮೇಲೆ ಹೇಳಿದ ಮಾತಿಗೆ ಬನ್ನಿ. ಎರಡು ದಿನ ಜಡಿಮಳೆ ಹಿಡಿದು ನಿಮ್ಮ ಮೇಲ್ಮುದ್ದೆ ಮನೆ ಕುಸಿಯಿತು ಅಂತಿಟ್ಟುಕೊಳ್ಳಿ. ಅದನ್ನು ಮತ್ತೆ ಅಷ್ಟೇ ಅಳತೆಯಲ್ಲಿ ಕಟ್ಟಿದರೂ ಅದು ಪುನರ್ನಿರ್ಮಾಣ. 100 ಮೀಟರ್ ಒಳಗೆ ಅದಕ್ಕೆ ಅನುಮತಿ ಕೇಳುವ ದಾರಿಯನ್ನೇ ಕಾಯ್ದೆ ಇಟ್ಟಿಲ್ಲ. ಮಳೆಗೆ ಬಿದ್ದ ಮನೆಗೆ ಪರಿಹಾರದ ದುಡ್ಡು ಬಂದರೂ ಅಲ್ಲೇ ಕಟ್ಟಲು ಆಗದೆ ಕೂರಬೇಕಾಗುತ್ತದೆ. ಅದೇ ಮನೆ ಹಿಂದಿನ ಬೇಸಿಗೆಯಲ್ಲಿ, ಜಂತಿ ಬಾಗಿದ್ದಾಗಲೇ, ಅರ್ಜಿ ಕೊಟ್ಟಿದ್ದರೆ ಅದು ದುರಸ್ತಿ. ಮುಂದಿನ ವರ್ಷ ನೋಡೋಣ ಅಂತ ದೂಡುವುದು ಬೇರೆ ಊರಲ್ಲಿ ನಡೆಯುತ್ತದೆ, ಕೋಟೆಗೋಡೆಯ ಪಕ್ಕ ನಡೆಯುವುದಿಲ್ಲ.

ಒಂದಿಷ್ಟು ದಿನನಿತ್ಯದ ಉದಾಹರಣೆ ನೋಡೋಣ. ಮಾಳಿಗೆ ಮೇಲೆ ಒಂದು ಕೋಣೆ ಎಬ್ಬಿಸುವುದು ನಿರ್ಮಾಣ. 100 ಮೀಟರ್ ಒಳಗೆ ಆಗುವುದೇ ಇಲ್ಲ. ಅಂಗಳಕ್ಕೆ ಪತ್ರಾಸ್ ಹೊದಿಸಿ ಮೂರು ಕಡೆ ಗೋಡೆ ಏರಿಸಿದರೂ ಅದೇ ಕಥೆ, ತಾತ್ಪೂರ್ತಿಕ ಅಂದರೆ ಯಾರೂ ಕೇಳುವುದಿಲ್ಲ. ಹುಳ ತಿಂದ ಜಂತಿ ಬದಲಿಸುವುದು, ಗಾರೆ ಮಾಡುವುದು, ಫರಸಿ ಹಾಕುವುದು, ಬಾಗಿಲು ಕಿಟಕಿ ಬದಲಿಸುವುದು, ವೈರಿಂಗ್, ಇವೆಲ್ಲ ದುರಸ್ತಿಯ ಗುಂಪಿಗೆ.

ಜನ ಅತೀ ಕಷ್ಟಪಡುವುದು ಶೌಚಾಲಯದ ವಿಷಯದಲ್ಲಿ. ಹಳೇ ಮನೆಯಲ್ಲಿ ಅದು ಇರುವುದಿಲ್ಲ, ಅಥವಾ ಹಿತ್ತಿಲ ಮೂಲೆಯಲ್ಲಿ ಕೆಟ್ಟು ಕೂತಿರುತ್ತದೆ, ಮನೆಯಲ್ಲಿ ವಯಸ್ಸಾದವರು ಇರುತ್ತಾರೆ. ಚರಂಡಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರಿನ ಕೆಲಸ ಇವನ್ನು ಕಾಯ್ದೆ ನಿರ್ಮಾಣ ಅನ್ನುವುದರಿಂದ ಹೊರಗಿಟ್ಟಿದೆ ನಿಜ, ಆದರೆ ಅದು ಸಾರ್ವಜನಿಕರ ಶೌಚಾಲಯದ ಮಾತು, ನಿಮ್ಮ ಮನೆಯದಲ್ಲ. ಹಿತ್ತಿಲಲ್ಲಿ ಹೊಸದಾಗಿ ಕಟ್ಟಿದರೆ ಮನೆ ವಿಸ್ತರಿಸಿದ ಹಾಗೆ. ಅದರ ಬದಲು ಇರುವ ಕೋಣೆಯೊಳಗೇ, ಈಗಿರುವ ಗೋಡೆಗಳ ನಡುವೆಯೇ, ಒಂದು ಮೂಲೆ ಬಿಡಿಸಿ ಮಾಡಿದರೆ ಒಳಗಿನ ಬದಲಾವಣೆ ಆಯಿತು, ನವೀಕರಣ ಅಂತ ಕೇಳಲು ಬರುತ್ತದೆ. ಮಲಗುವ ಕೋಣೆ ಸ್ವಲ್ಪ ಸಣ್ಣದಾಗುತ್ತದೆ. ಆಗಲಿ ಬಿಡಿ.

ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕುವುದು ಏನು? ಇಲ್ಲಿ ಕಷ್ಟ ಇದೆ. ಕಾಗದದಲ್ಲಿ ನವೀಕರಣ ಅಂತ ಬರೆದು ಕೇಳಬಹುದು. ಆದರೆ ಸ್ಲ್ಯಾಬ್ ಹೊರಲು ಹಳೇ ಮಣ್ಣಿನ ಗೋಡೆ ಸಾಲುವುದಿಲ್ಲ ಅಂತ ಗೌಂಡಿ ಕಾಲಮ್ಮು ಎಬ್ಬಿಸುತ್ತಾನೆ, ಗೋಡೆ ಒಂದೊಂದಾಗಿ ಬೀಳುತ್ತವೆ, ಎತ್ತರ ಎರಡು ಅಡಿ ಜಾಸ್ತಿಯಾಗುತ್ತದೆ. ಕೊನೆಗೆ ನಿಂತದ್ದು ಹೊಸ ಮನೆ. ಸ್ಥಳಕ್ಕೆ ಬಂದವರು ಕಾಗದ ನೋಡಿ ಮಾತಾಡುವುದಿಲ್ಲ, ಗೋಡೆ ನೋಡಿ ಮಾತಾಡುತ್ತಾರೆ. "ಯಾರ್ ಕೇಳ್ತಾರ್ರಿ, ಶನಿವಾರ ರಾತ್ರಿ ಸ್ಲ್ಯಾಬ್ ಹಾಕಿ ಬಿಡೂಣು, ಸ್ವಾಮಾರಕ್ಕ ಬಂದವ್ರು ಏನ್ ಮಾಡ್ತಾರ?" ಅನ್ನುವ ಗೌಂಡಿಗೆ ಕೈ ಮುಗಿಯಿರಿ. ನಿಷೇಧಿತ ಪ್ರದೇಶದಲ್ಲಿ ಕಟ್ಟಿದ್ದಕ್ಕೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದರೂ ಶಿಕ್ಷೆ ಅಷ್ಟೇ. ಮಾಲೀಕನ ಹೆಸರಿಗೆ ಬರುತ್ತದೆ, ಗೌಂಡಿ ಆಗ ಇನ್ನೊಂದು ಊರಲ್ಲಿ ಇರುತ್ತಾನೆ.

1992ಕ್ಕಿಂತ ಹಿಂದಿನ ಮನೆ ಅನ್ನುವುದಕ್ಕೆ ಪುರಾವೆ

100 ಮೀಟರ್ ಒಳಗೆ ದುರಸ್ತಿಗೆ ಅರ್ಜಿ ಹಾಕಲು ಮನೆ 1992ರ ಜೂನ್ 16ಕ್ಕಿಂತ ಮೊದಲು ಕಟ್ಟಿದ್ದಾಗಿರಬೇಕು, ಅಥವಾ ಆಮೇಲೆ ಎಎಸ್‌ಐ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ್ದಾಗಿರಬೇಕು. ನಮ್ಮ ಅಜ್ಜನ ಕಾಲದ ಮನೆ, ಎಲ್ಲರಿಗೂ ಗೊತ್ತು ಅಂದರೆ ಸಾಲದು.

ನಮ್ಮ ಭಾಗ ಹಳೇ ಮುಂಬಯಿ ಪ್ರಾಂತದಲ್ಲಿ ಇದ್ದದ್ದರಿಂದ ಒಂದು ಅನುಕೂಲ ಇದೆ: ಸಿಟಿ ಸರ್ವೆ ದಾಖಲೆ. ಸಿಟಿಎಸ್ ಉತಾರದಲ್ಲಿ ಹಳೇ ನೋಂದುಗಳು, ವಾರಸಾ, ಖರೀದಿ ಎಲ್ಲ ದಿನಾಂಕದ ಜೊತೆ ಇರುತ್ತವೆ. ಇದನ್ನು ಮೊದಲು ತೆಗೆಸಿ. ಆದರೆ ಉತಾರ ಜಾಗದ ಮಾತು ಹೇಳುತ್ತದೆ, ಜಾಗದ ಮೇಲೆ ಮನೆ ಇತ್ತು ಅನ್ನುವುದನ್ನು ಬೇರೆ ಕಾಗದ ಹೇಳಬೇಕು. ಹಳೇ ನಗರಸಭೆಯ ಮನೆ ಕರದ ಪಾವತಿ ಇದಕ್ಕೆ ಬಲು ಒಳ್ಳೆಯದು. ಕೆಇಬಿ ಕಾಲದ ಕರೆಂಟ್ ಬಿಲ್ಲು, ನಳದ ಜೋಡಣೆಯ ಕಾಗದ, ಅಣ್ಣತಮ್ಮಂದಿರ ವಾಟ್ನಿ ಪತ್ರ, ಪಡಸಾಲೆ ಎಷ್ಟು ಅಂಕಣ ಅಂತ ವಿವರ ಬರೆದ ಹಳೇ ಖರೀದಿ ಪತ್ರ, ಎಲ್ಲ ಹುಡುಕಿ. ಅಜ್ಜಿಯ ಟ್ರಂಕಿನ ತಳದಲ್ಲಿರುವ ಮದುವೆ ಫೋಟೋ ಕೂಡ ಉಪಯೋಗ ಆಗುತ್ತದೆ, ಹಿಂದೆ ಕಂಬ, ಬಾಗಿಲು ಕಾಣುತ್ತಿದ್ದರೆ. ಸಿಕ್ಕಿದ್ದಕ್ಕೆಲ್ಲ ಝೆರಾಕ್ಸ್ ಮಾಡಿಸಿ, ಮೂಲ ಪ್ರತಿ ಯಾರ ಕೈಗೂ ಬಿಟ್ಟುಕೊಡಬೇಡಿ.

ವಾರಸಾ ಆಗದೆ ಇನ್ನೂ ಮುತ್ತಜ್ಜನ ಹೆಸರಲ್ಲೇ ಇರುವ ಮನೆಗಳು ಹಳೇ ಊರಲ್ಲಿ ಬೇಕಾದಷ್ಟಿವೆ. ಅರ್ಜಿ ಹಾಕಬೇಕಾದವರು ಮಾಲೀಕರು. ಮೊದಲು ಉತಾರದಲ್ಲಿ ಹೆಸರು ಸರಿ ಮಾಡಿಸಿ. ಪಾಲುದಾರರು ಹಲವರಿದ್ದರೆ ಎಲ್ಲರ ಒಪ್ಪಿಗೆ ಬರೆಸಿಕೊಳ್ಳಿ, ಯಾಕೆಂದರೆ ತಕರಾರು ಅರ್ಜಿ ಎಷ್ಟೋ ಸಲ ಪಾಲು ಸಿಗದ ಕಾಕಾನಿಂದಲೇ ಬರುತ್ತದೆ.

ಅರ್ಜಿ

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಅನುಮತಿ ಕೊಡಲು ಸರ್ಕಾರ ನೇಮಿಸಿದ ಅಧಿಕಾರಿಗೆ. ಅಲ್ಲಿಂದ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ, ಅಂದರೆ ಎನ್‌ಎಂಎಗೆ. ಅವರ ಶಿಫಾರಸು ಬಂದ ಮೇಲೆ ಸಕ್ಷಮ ಪ್ರಾಧಿಕಾರ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೊಡುತ್ತದೆ ಅಥವಾ ಇಲ್ಲ ಅನ್ನುತ್ತದೆ. 2015ರಿಂದ ಆನ್‌ಲೈನ್ ವ್ಯವಸ್ಥೆ ಇದೆ. ಕಾಯ್ದೆಯ ಗಡುವು ಹೀಗಿದೆ: ಅರ್ಜಿ ಬಂದ 15 ದಿನದಲ್ಲಿ ಎನ್‌ಎಂಎಗೆ ಕಳಿಸಬೇಕು, ಎನ್‌ಎಂಎ 2 ತಿಂಗಳಲ್ಲಿ ಹೇಳಬೇಕು, ಆಮೇಲೆ 1 ತಿಂಗಳಲ್ಲಿ ನಿರ್ಧಾರ ಆಗಬೇಕು. ಮೂರೂವರೆ ತಿಂಗಳು. ಕಾಗದ ಕಡಿಮೆ ಬಿದ್ದರೆ ವಾಪಸ್ ಬರುತ್ತದೆ, ತಿಂಗಳು ಎಣಿಸುವುದು ಮತ್ತೆ ಮೊದಲಿಂದ. ಜೂನ್ ಮಳೆಗೆ ಮೊದಲು ಮಾಳಿಗೆ ಮುಗಿಯಬೇಕಾದರೆ ದೀಪಾವಳಿ ಮುಗಿದ ಕೂಡಲೇ ಅರ್ಜಿ ಹೋಗಿರಲಿ.

ಬೇಕಾಗುವುದು: ಮಾಲೀಕತ್ವದ ದಾಖಲೆ, ಈಗಿರುವ ಮನೆಯ ನಕ್ಷೆ ಮತ್ತು ಆಗಬೇಕಾದ ಕೆಲಸದ ನಕ್ಷೆ (ಎತ್ತರ ತೋರಿಸುವ ಚಿತ್ರ ಸೇರಿ), ಮನೆಯ ಫೋಟೋಗಳು, ಸ್ಮಾರಕ ಮತ್ತು ಮನೆ ಎರಡೂ ಕಾಣುವ ಉಪಗ್ರಹ ಚಿತ್ರದಲ್ಲಿ ದೂರದ ಗೆರೆ. ಎಂಜಿನಿಯರ್ ಕೈಲಿ ನಕ್ಷೆ ಮಾಡಿಸುವಾಗ ಸೂರಿನ ಎತ್ತರ, ಮೆಟ್ಟಿಲ ಮೇಲಿನ ಕೋಣೆ, ಪ್ಯಾರಪೆಟ್, ನೀರಿನ ಟಾಕಿ ಎಲ್ಲ ಸೇರಿಸಿ ಒಟ್ಟು ಎತ್ತರ ಬರೆಸಿ. ನಿಯಂತ್ರಿತ ಪ್ರದೇಶದಲ್ಲಿ ಎನ್‌ಎಂಎ ಎತ್ತರ ಹೇಳುವಾಗ ಟಾಕಿಯನ್ನೂ ಸೇರಿಸಿಯೇ ಹೇಳುತ್ತದೆ. ಟಾಕಿ ಆಮೇಲೆ ನೋಡೋಣ ಅಂದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮನೆ ರಿಪೇರಿಗೆ ಅನುಮತಿ ಕೋರಿ ಅಂತ ಒಂದು ಸಾಲು ಬರೆದು ಬಿಡಬೇಡಿ. ಏನು, ಎಷ್ಟು, ಯಾವುದರಿಂದ ಅನ್ನುವುದು ಇರಲಿ. ಉದಾಹರಣೆಗೆ ಹೀಗೆ ಬರೆಯಬಹುದು:

"ಪಡಸಾಲೆಯ ಮಾಳಿಗೆಯ 14 ಜಂತಿಗಳಲ್ಲಿ 5 ಹುಳ ತಿಂದು ಬಾಗಿವೆ (ಫೋಟೋ 3, 4). ಇವುಗಳ ಜಾಗದಲ್ಲಿ ಅದೇ ಅಳತೆಯ ಸಾಗುವಾನಿ ಜಂತಿ ಹಾಕುವುದು. ಮೇಲಿನ ಹಳೇ ಮಣ್ಣು ಇಳಿಸಿ ಹೊಸ ಮಣ್ಣು, ಸುಣ್ಣದ ಗಚ್ಚು ಹಾಕುವುದು. ಉತ್ತರದ ಗೋಡೆಯಲ್ಲಿ ಸಡಿಲಾದ ಕಲ್ಲುಗಳನ್ನು ಮತ್ತೆ ಕೂರಿಸುವುದು. ಮನೆಯ ಉದ್ದ, ಅಗಲ, ಎತ್ತರ ಯಾವುದೂ ಬದಲಾಗುವುದಿಲ್ಲ. ಹೊಸ ಪಾಯ ತೆಗೆಯುವುದಿಲ್ಲ."

ಕೊನೆಯ ಎರಡು ಸಾಲು ತಪ್ಪದೆ ಇರಲಿ. ಪಾಲಿಕೆಯ ಅನುಮತಿ ಬೇರೆ, ಎನ್‌ಒಸಿ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂತಿಲ್ಲ. ಬಾದಾಮಿಯ ಪೇಟೆಯ ಮನೆಗಳ ನಡುವೆಯೇ ಇರುವ ಜಂಬುಲಿಂಗ ಗುಡಿಯ ಪಕ್ಕದವರಿಗೆ ಪುರಸಭೆ, ಬೆಳಗಾವಿಯ ಕಂಟೋನ್ಮೆಂಟಿನವರಿಗೆ ಕಂಟೋನ್ಮೆಂಟ್ ಬೋರ್ಡು, ಅಷ್ಟೇ ವ್ಯತ್ಯಾಸ. ಎನ್‌ಒಸಿಯ ಹಾದಿ ಎಲ್ಲರಿಗೂ ಒಂದೇ.

ಕಾನೂನು ಸಡಿಲ ಮಾಡ್ತಾರಂತೆ, ಸ್ವಲ್ಪ ಕಾಯೋಣ ಅನ್ನುವ ಮಾತು ಚಹಾದ ಅಂಗಡಿಯಲ್ಲಿ ಆಗಾಗ ಕೇಳುತ್ತದೆ. 2018ರಲ್ಲಿ ಲೋಕಸಭೆಯಲ್ಲಿ ಪಾಸಾದ ತಿದ್ದುಪಡಿ ಮಸೂದೆಯ ನೆನಪು ಅದು. ಅದು ಇದ್ದದ್ದು ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗೆ, ನಮ್ಮ ನಿಮ್ಮ ಮನೆಗಲ್ಲ. ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು. ಅದನ್ನು ನಂಬಿ ಕೂತರೆ ಜಂತಿ ಕಾಯುವುದಿಲ್ಲ.

ಕೆಲಸ ಮಾಡಿಸುವಾಗ

ಎನ್‌ಒಸಿ ಕೈಗೆ ಬಂದ ಮೇಲೂ ಜಾಗ್ರತೆ ಬೇಕು. ಎಲ್ಲ ಜಂತಿ ಒಮ್ಮೆಗೇ ಬಿಚ್ಚಬೇಡಿ. ಒಂದು ಅಂಕಣ ಮುಗಿಸಿ ಇನ್ನೊಂದಕ್ಕೆ ಹೋಗಿ. ಇದರಿಂದ ಎರಡು ಲಾಭ: ಗೋಡೆಗೆ ಆಸರೆ ತಪ್ಪುವುದಿಲ್ಲ, ಮತ್ತು ಯಾವ ದಿನ ಯಾರು ಬಂದು ನೋಡಿದರೂ ಅಲ್ಲಿ ಹಳೇ ಮನೆ ನಿಂತಿರುವುದು ಕಾಣುತ್ತದೆ. ಕೆಲಸದ ಮೊದಲು, ನಡುವೆ, ಆದ ಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಎನ್‌ಒಸಿಯ ಝೆರಾಕ್ಸ್ ಪ್ಲಾಸ್ಟಿಕ್ ಹಾಕಿಸಿ ಬಾಗಿಲಿಗೆ ಕಟ್ಟಿ. ಅರ್ಧ ದೂರು ಅಲ್ಲೇ ನಿಲ್ಲುತ್ತವೆ.

ಮಾಳಿಗೆಯ ಬಗ್ಗೆ ಒಂದೆರಡು ಮಾತು, ಈಗಿನ ಗೌಂಡಿಗಳಿಗೆ ಈ ಕೆಲಸ ಮರೆತು ಹೋಗಿದೆ. ಹಳೇ ಮಣ್ಣು ಪೂರ್ತಿ ಇಳಿಸಬೇಕು. ವರ್ಷ ವರ್ಷ ಮೇಲಿಂದ ಮೇಲೆ ಮಣ್ಣು ಹಾಕಿ ಹಾಕಿ ಒಂದೂವರೆ ಅಡಿ ಆಗಿರುತ್ತದೆ, ಜಂತಿ ಬಾಗುವುದೇ ಆ ಭಾರಕ್ಕೆ. ಜಂತಿಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಿ. ನಡುವೆ ಗಟ್ಟಿ ಇದ್ದರೂ ಕೊಳೆಯುವುದು ಅಲ್ಲಿ. ಜಂತಿ ಮೇಲೆ ಚಿಲ್ಲರೆ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಮಣ್ಣು, ಕೊನೆಗೆ ಸವಳು ಮಣ್ಣಿನ ತೆಳು ಪದರ, ನೀರು ದೋಣಿಯ ಕಡೆ ಹರಿಯುವ ಹಾಗೆ ಇಳಿಜಾರು. ಮಣ್ಣಿನಲ್ಲಿ ಕಟ್ಟಿದ ಕರಿಕಲ್ಲಿನ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಒಳಗಿನ ತೇವ ಹೊರಗೆ ಹೋಗಲು ದಾರಿ ಸಿಗದೆ ಗೋಡೆ ಒಳಗೊಳಗೇ ಸಡಿಲಾಗುತ್ತದೆ, ಹೊರಗೆ ನೋಡಿದರೆ ಗಟ್ಟಿ. ಸುಣ್ಣದ ಗಾರೆಯೇ ಸರಿ. ದುಬಾರಿ ಅನ್ನುತ್ತಾರೆ, ಹೌದು.

ನೆಲ ಅಗೆಯುವಾಗ ಹಳೇ ಕಲ್ಲಿನ ಕಾಲುವೆ, ಮಣ್ಣಿನ ಕೊಳವೆ, ಶಾಸನದ ಕಲ್ಲು ಸಿಕ್ಕರೆ ನಿಲ್ಲಿಸಿ. ಆದಿಲ್‌ಶಾಹಿಗಳು ತೊರವಿಯಿಂದ, ಬೇಗಂ ತಲಾಬಿನಿಂದ ಊರಿಗೆ ನೆಲದೊಳಗೇ ನೀರು ತಂದವರು, ಓಣಿಗಳಲ್ಲಿ ಈಗಲೂ ನಿಂತಿರುವ ನೀರಿನ ಗೋಪುರಗಳು, ಅಂದರೆ ಗಂಜ್‌ಗಳು ಆ ವ್ಯವಸ್ಥೆಯ ತುಂಡುಗಳು. ನಿಮ್ಮ ಹಿತ್ತಿಲಲ್ಲಿ ಒಂದು ಕೊಳವೆ ಸಿಗುವುದು ಆಶ್ಚರ್ಯವೇನಲ್ಲ. ನಾಣ್ಯ, ಒಡವೆ ಸಿಕ್ಕರೆ ನಿಧಿ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು.

ಓಣಿಯ ಅಂದ ಯಾರ ಜವಾಬ್ದಾರಿ?

ಈ ಕಾಯ್ದೆ ನೋಡುವುದು ಸ್ಮಾರಕವನ್ನು. ಸ್ಮಾರಕಕ್ಕೆ ಹೋಗುವ ಓಣಿಯನ್ನು ಅಲ್ಲ. ಹೊರಗಿನ ಕಟ್ಟೆ, ಕೆತ್ತನೆಯ ಚೌಕಟ್ಟು, ಒಂದೇ ಮಟ್ಟದ ಸೂರು ಇರುವ ಸಾಲುಮನೆಗಳ ನಡುವೆ ಒಬ್ಬರು ಗಾಜು, ಹೊಳೆಯುವ ಟೈಲ್ಸ್ ಹಾಕಿದರೆ ಇಡೀ ಸಾಲು ಕೆಡುತ್ತದೆ, ಆದರೆ 300 ಮೀಟರ್ ಆಚೆ ಇದ್ದರೆ ಕೇಳುವವರಿಲ್ಲ. ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಅಂತ ಘೋಷಿಸಲು ಅವಕಾಶ ಇದೆ. ನಿಮ್ಮ ಓಣಿ ಹಾಗೆ ಉಳಿಯಬೇಕು ಅನಿಸಿದರೆ ನಗರಾಭಿವೃದ್ಧಿ ಪ್ರಾಧಿಕಾರ ಮಹಾಯೋಜನೆಗೆ ಆಕ್ಷೇಪಣೆ, ಸಲಹೆ ಕರೆದಾಗ ಓಣಿಯವರೆಲ್ಲ ಸಹಿ ಹಾಕಿ ಕೊಡಿ.

ಇನ್ನೊಂದು ಜಾಗ ಇದೆ, ಜನ ಗಮನಿಸುವುದೇ ಇಲ್ಲ. ಒಂದೊಂದು ಸ್ಮಾರಕಕ್ಕೂ ಪಾರಂಪರಿಕ ಉಪವಿಧಿ ಮಾಡಬೇಕು ಅಂತ ಕಾಯ್ದೆ ಹೇಳುತ್ತದೆ. ಸುತ್ತ ಎಷ್ಟು ಎತ್ತರ, ಎದುರುಗೋಡೆ ಹೇಗಿರಬೇಕು, ಯಾವ ಬಣ್ಣ ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಎನ್‌ಎಂಎ ಕರಡು ಹಾಕಿ 30 ದಿನ ಆಕ್ಷೇಪಣೆ ಕೇಳುತ್ತದೆ. ಆ 30 ದಿನದಲ್ಲಿ ನಾಲ್ಕು ಸಾಲು ಬರೆದವರ ಮಾತಿಗೆ ಬೆಲೆ ಇದೆ. ಆಮೇಲೆ ಹತ್ತು ವರ್ಷ ಗೊಣಗಿದರೂ ಇಲ್ಲ.

ಪಕ್ಕದ ಮನೆಯವರ ಜೊತೆ

ಪಕ್ಕದವರು ಕಟ್ಟುತ್ತಿದ್ದಾರೆ, ನಿಮಗೆ ಬೆಳಕು ಹೋಗುತ್ತಿದೆ. ನೇರ ದೂರಿಗೆ ಹೋಗುವ ಮೊದಲು ಮನೆಗೆ ಹೋಗಿ. "ಕಾಕಾರ, ಎನ್‌ಒಸಿ ತಗೊಂಡೀರೇನ್ರಿ? ನಾಳೆ ನೋಟಿಸ್ ಬಂದ್ರ ನಿಮಗ ತ್ರಾಸ ಆಗ್ತೈತಿ" ಅಂತ ಕೇಳಿದರೆ ಸಿಟ್ಟು ಬರುವುದು ಕಡಿಮೆ. ಕೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ಸಿಟಿಎಸ್ ನಂಬರಿಗೆ ಎನ್‌ಒಸಿ ಕೊಟ್ಟಿದೆಯೇ ಅಂತ ಕೇಳಿ. ಕೊಟ್ಟಿಲ್ಲ ಅಂತ ಉತ್ತರ ಬಂದ ಮೇಲೆ ದೂರು ಬರೆಯಿರಿ. ಒಂದು ಮಾತು ನೆನಪಿರಲಿ: ಸ್ಥಳ ಪರಿಶೀಲನೆಗೆ ಬಂದವರು ನಿಮ್ಮ ಮಾಳಿಗೆಯನ್ನೂ ನೋಡುತ್ತಾರೆ. ನಿಮ್ಮ ಹಿತ್ತಿಲ ಪತ್ರಾಸ್ ಕೋಣೆಗೆ ಕಾಗದ ಇದೆಯಾ?

ಗೋಡೆ ಹಂಚಿಕೊಂಡ ಮನೆಯಾದರೆ ಅವರ ಜಂತಿಯ ತುದಿ ನಿಮ್ಮ ಗೋಡೆಯಲ್ಲಿ, ನಿಮ್ಮದು ಅವರ ಗೋಡೆಯಲ್ಲಿ ಇರುತ್ತದೆ. ಕೆಲಸಕ್ಕೆ ಮೊದಲು ಇಬ್ಬರೂ ಸೇರಿ ಫೋಟೋ ತೆಗೆದು, ಒಂದು ಕಾಗದದಲ್ಲಿ ಸಹಿ ಮಾಡಿಕೊಳ್ಳಿ. ಬಿರುಕು ಮೊದಲೇ ಇತ್ತೋ ಈಗ ಬಂತೋ ಅನ್ನುವ ಜಗಳವೇ ಹುಟ್ಟುವುದಿಲ್ಲ.

ನೋಟಿಸ್ ಬಂದರೆ

ಇಸಿದುಕೊಳ್ಳಿ. ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಉತ್ತರ ಕೊಡುವ ದಿನ ನಿಮಗೆ ಗೊತ್ತಾಗದೆ ಕಳೆದು ಹೋಗುತ್ತದೆ. ಕೆಲಸ ಅವತ್ತೇ ನಿಲ್ಲಿಸಿ, ನಿಲ್ಲಿಸಿದ ಸ್ಥಿತಿಯ ಫೋಟೋ ತೆಗೆಯಿರಿ. ನೋಟಿಸ್ ಯಾರದು ನೋಡಿ: ಎಎಸ್‌ಐದೋ, ಪಾಲಿಕೆಯದೋ. ಎರಡಕ್ಕೂ ದಾರಿ ಬೇರೆ.

ಎಎಸ್‌ಐ ನೋಟಿಸ್ ಆದರೆ ಗಡುವಿನೊಳಗೆ ಬರೆದು ಉತ್ತರ ಕೊಡಿ. ದೂರ ಎಷ್ಟು, ಯಾವ ನಕಾಶೆಯ ಪ್ರಕಾರ, ಮನೆ ಯಾವ ಕಾಲದ್ದು, ಮಾಡಿದ ಕೆಲಸ ಏನು, ಎತ್ತರ ಬದಲಾಗಿದೆಯೇ, ಇಷ್ಟು ಸಾಕು. ಅದರ ಜೊತೆ ಖುದ್ದು ಹೇಳಿಕೊಳ್ಳಲು ಅವಕಾಶ ಕೊಡಿ ಅಂತ ಸೇರಿಸಿ. ಪಕ್ಕದವರು ಕಟ್ಟಿಲ್ಲವೇ, ಅವರನ್ನು ಯಾಕೆ ಬಿಟ್ಟಿರಿ ಅಂತ ಬರೆಯಬೇಡಿ. ಅದರಿಂದ ನಿಮ್ಮದು ಸರಿ ಅಂತ ಆಗುವುದಿಲ್ಲ, ಓಣಿಯಲ್ಲಿ ವೈರ ಮಾತ್ರ ಬೆಳೆಯುತ್ತದೆ. ಉತ್ತರ ಕೊಟ್ಟು ಸ್ವೀಕೃತಿಯ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಪಾಲಿಕೆಯದಾದರೆ ಅದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಮಿನ ಕೆಳಗೆ ಇರುತ್ತದೆ. ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವುದು, ನಿಮ್ಮ ಉತ್ತರ ನೋಡಿ ಆಮೇಲೆ ಕಾಯಂ ಆದೇಶ. ಕಾಯಂ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಡುವಿನ ಹಂತ ಹಾರಿಸಿ ಜೆಸಿಬಿ ತಂದರೆ ಅದೇ ನಿಮ್ಮ ದೊಡ್ಡ ಆಧಾರ.

ಅನುಮತಿ ಇಲ್ಲ ಅಂದರೆ

ಸುಮ್ನೆ ಇಲ್ಲ ಅನ್ನಲು ಬರುವುದಿಲ್ಲ. ನಿಮ್ಮ ಮಾತು ಕೇಳಬೇಕು, ಕಾರಣ ಬರೆದು ಕೊಡಬೇಕು. ಆ ಕಾರಣವನ್ನು ಎರಡು ಸಲ ಓದಿ. ಹಲವು ಸಲ ಕಾರಣ ಸಣ್ಣದಿರುತ್ತದೆ: ದಾಖಲೆ ಸಾಲದು, ನಕ್ಷೆಯಲ್ಲಿ ಎತ್ತರ ಹೊಂದುವುದಿಲ್ಲ, ದುರಸ್ತಿ ಅಂತ ಕೇಳಿ ನಕ್ಷೆಯಲ್ಲಿ ಹೊಸ ಮೆಟ್ಟಿಲು ತೋರಿಸಿದ್ದೀರಿ ಅಂತ. ಅಂಥದ್ದಕ್ಕೆ ಕೋರ್ಟು ಬೇಡ. ಎಂಜಿನಿಯರ್ ಬದಲಿಸಿ, ಅಥವಾ ಅವರನ್ನೇ ಕೂರಿಸಿ ನಕ್ಷೆ ತಿದ್ದಿಸಿ, ಮತ್ತೆ ಅರ್ಜಿ ಹಾಕಿ.

ಕಾರಣವೇ ಕೊಡದಿದ್ದರೆ, ಗಡುವು ದಾಟಿ ತಿಂಗಳುಗಟ್ಟಲೆ ಉತ್ತರ ಇಲ್ಲದಿದ್ದರೆ, ಅಳತೆಯೇ ತಪ್ಪು ಅನಿಸಿದರೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ವಿಜಯಪುರದವರಿಗೆ ಕಲಬುರಗಿ ಪೀಠ, ಬಾಗಲಕೋಟೆ ಮತ್ತು ಬೆಳಗಾವಿಯವರಿಗೆ ಧಾರವಾಡ ಪೀಠ. 100 ಮೀಟರ್ ನಿಯಮವೇ ಅನ್ಯಾಯ ಅಂತ ವಾದ ಮಾಡಲು ಹೋಗಬೇಡಿ. 2012ರಲ್ಲಿ ಸುಪ್ರೀಂ ಕೋರ್ಟೇ ಆ ನಿಷೇಧವನ್ನು ಎತ್ತಿ ಹಿಡಿದಿದೆ. ನಿಮ್ಮ ಅರ್ಜಿಯನ್ನು ಇಷ್ಟು ದಿನದಲ್ಲಿ ತೀರ್ಮಾನಿಸಿ ಅಂತ ನಿರ್ದೇಶನ ಕೇಳುವುದು ಸಣ್ಣ ಬೇಡಿಕೆ, ಸಿಗುವ ಸಾಧ್ಯತೆ ಜಾಸ್ತಿ. ವಕೀಲರ ಖರ್ಚು ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಮನೆ ಅವ್ವನ ಹೆಸರಲ್ಲಿದ್ದರೆ ಅರ್ಜಿ ಅವ್ವನ ಹೆಸರಲ್ಲೇ ಹೋಗಲಿ.

ಕೋರ್ಟಿನಲ್ಲಿ ದಿನ ಕಳೆಯುವಾಗ ಮಳೆಗಾಲ ಬಂದರೆ ಮಾಳಿಗೆ ಮೇಲೆ ತಾಡಪತ್ರಿ ಹೊದಿಸಿ, ಬಾಗಿದ ಜಂತಿಗೆ ಕೆಳಗಿನಿಂದ ಬಲ್ಲಿ ಕೊಟ್ಟು ನಿಲ್ಲಿಸಿ. ಹೀಗೆ ಆಸರೆ ಕೊಡುತ್ತಿದ್ದೇವೆ ಅಂತ ಉಪವಲಯ ಕಚೇರಿಗೆ ಒಂದು ಪತ್ರ ಬರೆದು, ಫೋಟೋ ಲಗತ್ತಿಸಿ, ಸಿಕ್ಕಾ ಹಾಕಿಸಿಕೊಂಡು ಬನ್ನಿ.